ಕಮಲಾಪುರದ ಬಾಳೆ, ಸೂಪರ್ ಮಾರ್ಕೆಟ್‌ನ ಆ್ಯಪ್: ಲೆಕ್ಕದ ಪುಸ್ತಕ ಯಾರ ಹತ್ತಿರ ಇರಬೇಕು?

ಕಳೆದ ತಿಂಗಳು ಕಲಬುರಗಿಗೆ ಹೋಗಿದ್ದೆ. ಸೂಪರ್ ಮಾರ್ಕೆಟ್‌ನ ಸಿಟಿ ಬಸ್ ಸ್ಟ್ಯಾಂಡ್ ಹತ್ತಿರ ಚಹಾದ ಅಂಗಡಿಯಲ್ಲಿ ಇಬ್ಬರು ಸಿಕ್ಕರು. ಇಬ್ಬರದೂ ಇಂಜಿನಿಯರಿಂಗ್ ಕೊನೆಯ ವರ್ಷ. ಹುಡುಗಿ ಕಮಲಾಪುರದ ಕಡೆಯವಳು, ಮನೆಯಲ್ಲಿ ಕೆಂಪು ಬಾಳೆಯ ತೋಟ. ಹುಡುಗ ಇದೇ ಊರಿನವನು, ಅವನ ಮಾವನದು ಹಣ್ಣಿನ ವ್ಯಾಪಾರ. ಇಬ್ಬರೂ ಸೇರಿ ಒಂದು ಆ್ಯಪ್ ಮಾಡ್ತಿದ್ದಾರೆ. ಯಾವ ದಿನ ಎಷ್ಟು ಗೊನೆ ಕಡಿಯುತ್ತೇವೆ ಅಂತ ಕಮಲಾಪುರದ ರೈತರು ಅದರಲ್ಲಿ ಹಾಕೋದು, ಸೂಪರ್ ಮಾರ್ಕೆಟ್‌ನ ವ್ಯಾಪಾರಿಗಳು ನೋಡಿ ನೇರವಾಗಿ ಬುಕ್ ಮಾಡೋದು. ನಡುವೆ ದಲ್ಲಾಳಿ ಬೇಡ.

ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಹಣ್ಣು ಅದು. ಮಾಮೂಲಿ ಬಾಳೆಗಿಂತ ಹೆಚ್ಚು ತಿಂಗಳು ಕಾಯಿಸುತ್ತೆ, ಖರ್ಚೂ ಜಾಸ್ತಿ. ಹಾಗಾಗಿ ದರದಲ್ಲಿ ಒಂದೆರಡು ರೂಪಾಯಿ ಆಚೀಚೆ ಆದರೂ ರೈತನಿಗೆ ಅದು ದೊಡ್ಡ ವಿಷಯ. ಐಡಿಯಾ ಚೆನ್ನಾಗಿದೆ ಅಂದೆ.

"ಅಣ್ಣಾ, ಸ್ಕ್ರೀನ್ ಎಲ್ಲಾ ಆಗ್ಯಾವ. ಬ್ಯಾಕೆಂಡ್ ಯಾವ್ದು ಹಾಕೋಣು ಹೇಳ್ರಿ. ಫ್ರೀ ಇರಬೇಕು, ಅಷ್ಟೇ" ಅಂದಳು.

ನಾನು ಇಂಜಿನಿಯರಿಂಗ್ ಓದಿ, ಸ್ವಲ್ಪ ದಿನ ಕೋಡ್ ಬರೆದು, ಆಮೇಲೆ ಪತ್ರಿಕೋದ್ಯಮಕ್ಕೆ ಬಂದವನು. ಇಂಥ ಪ್ರಶ್ನೆ ಬಂದರೆ ಎರಡೂ ಕೆಲಸದ ತಲೆ ಒಟ್ಟಿಗೆ ಎದ್ದು ಕೂರುತ್ತೆ. ಯಾಕಂದ್ರೆ "ಯಾವ ಬ್ಯಾಕೆಂಡ್" ಅನ್ನೋದು ನೋಡೋಕೆ ತಾಂತ್ರಿಕ ಪ್ರಶ್ನೆ. ಒಳಗೆ ನೋಡಿದರೆ ಮಾಹಿತಿ ಯಾರ ಕೈಯಲ್ಲಿ ಇರಬೇಕು ಅನ್ನೋ ಪ್ರಶ್ನೆ. ಚಹಾ ಮುಗಿಯೋವಷ್ಟರಲ್ಲಿ ಉತ್ತರ ಕೊಡೋಕೆ ಆಗಲಿಲ್ಲ. ಅಲ್ಲಿ ಹೇಳಿದ್ದನ್ನೂ, ಹೇಳದೆ ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೀತಿದ್ದೇನೆ.

ಮುಂದೆ ಅಂಗಡಿ, ಹಿಂದೆ ಗೋದಾಮು

ಸೂಪರ್ ಮಾರ್ಕೆಟ್‌ನ ಯಾವ ಅಂಗಡಿಗಾದರೂ ಹೋಗಿ ನಿಲ್ಲಿ. ನಮಗೆ ಕಾಣೋದು ಗಲ್ಲೆ, ಶೋಕೇಸು, ದೀಪ. ಅಂಗಡಿ ನಡೆಯೋದು ಮಾತ್ರ ಹಿಂದಿನ ಕೋಣೆಯಿಂದ. ಸರಕು ಅಲ್ಲಿರುತ್ತೆ, ಉದ್ದರಿ ಬರೆಯೋ ಪುಸ್ತಕ ಅಲ್ಲಿರುತ್ತೆ, ಯಾರು ಒಳಗೆ ಬರಬಹುದು ಯಾರು ಬರಬಾರದು ಅಂತ ನೋಡೋ ಆಳು ಅಲ್ಲಿರ್ತಾನೆ.

ಆ್ಯಪ್ ಕೂಡ ಹಾಗೇ. ಫೋನಿನಲ್ಲಿ ಕಾಣೋದು ಗಲ್ಲೆ. ಹಿಂದಿನ ಕೋಣೆಯೇ ಬ್ಯಾಕೆಂಡ್. ಈ ಬಾಳೆ ಆ್ಯಪನ್ನೇ ತಗೊಳ್ಳಿ. ರೈತ ಫೋನ್ ನಂಬರ್ ಹಾಕಿ ಒಟಿಪಿ ಕೊಟ್ಟು ಒಳಗೆ ಬರಬೇಕು. ಅವನ ಹೆಸರು, ಊರು, ಗೊನೆಗಳ ಸಂಖ್ಯೆ, ದರ ಒಂದು ಡೇಟಾಬೇಸ್‌ನಲ್ಲಿ ಕೂರಬೇಕು. ಗೊನೆಯ ಫೋಟೋ ಎಲ್ಲೋ ಉಳಿಯಬೇಕು. ಒಬ್ಬ ವ್ಯಾಪಾರಿ ಬುಕ್ ಮಾಡಿದ ತಕ್ಷಣ ಉಳಿದವರ ಫೋನಿನಲ್ಲಿ "ಮಾರಾಟ ಆಯ್ತು" ಅಂತ ಕಾಣಬೇಕು. ಒಬ್ಬ ರೈತನ ಹಣದ ಲೆಕ್ಕ ಇನ್ನೊಬ್ಬನಿಗೆ ಕಾಣಬಾರದು. ರಾತ್ರಿ ಹತ್ತಕ್ಕೆ ಅವತ್ತಿನ ಲೆಕ್ಕ ತಾನಾಗೇ ಕೂಡಿಸಿ ಮೆಸೇಜ್ ಹೋಗಬೇಕು.

ಲಾಗಿನ್, ಡೇಟಾಬೇಸ್, ಫೈಲ್ ಸಂಗ್ರಹ, ತಕ್ಷಣದ ಅಪ್‌ಡೇಟ್, ಅನುಮತಿ ನಿಯಮ, ಹಿನ್ನೆಲೆಯ ಕೆಲಸ. ಹೆಚ್ಚು ಕಡಿಮೆ ಎಲ್ಲಾ ಆ್ಯಪ್‌ಗಳಿಗೂ ಬೇಕಾಗಿರೋದು ಈ ಆರೇ. ಪ್ರತಿ ಸಲ ಇದನ್ನೆಲ್ಲ ಮೊದಲಿಂದ ಕಟ್ಟೋದು ವ್ಯರ್ಥ ಶ್ರಮ. ಹಾಗಾಗಿ ಆರನ್ನೂ ಒಂದೇ ಕಟ್ಟಿನಲ್ಲಿ ರೆಡಿಮೇಡ್ ಆಗಿ ಕೊಡುವ ವೇದಿಕೆಗಳು ಹುಟ್ಟಿಕೊಂಡವು. ಗೋದಾಮು ನೀವು ಕಟ್ಟಬೇಡಿ, ನಮ್ಮಲ್ಲಿ ಬಾಡಿಗೆಗಿದೆ, ಮೊದಮೊದಲು ಬಾಡಿಗೆಯೂ ಬೇಡ ಅನ್ನೋದು ಅವುಗಳ ಮಾತು.

ಬಾಡಿಗೆ ಮನೆಯ ಎರಡು ಕತೆ

ಮೊದಲನೆಯದು ಪಾರ್ಸ್. 2011ರಲ್ಲಿ ಶುರುವಾದ ಕಂಪನಿ. 2013ರಲ್ಲಿ ಫೇಸ್‌ಬುಕ್ ಅದನ್ನು ಕೊಂಡುಕೊಂಡಿತು. ಲಕ್ಷಾಂತರ ಆ್ಯಪ್‌ಗಳ ಹಿಂದಿನ ಕೋಣೆ ಅದೇ ಆಗಿತ್ತು. 2016ರ ಜನವರಿಯಲ್ಲಿ ಫೇಸ್‌ಬುಕ್ ಒಂದು ಪ್ರಕಟಣೆ ಹೊರಡಿಸಿತು: ಇನ್ನೊಂದು ವರ್ಷಕ್ಕೆ ಈ ಸೇವೆ ಬಂದ್. 2017ರ ಜನವರಿ ಕೊನೆಗೆ ಬಂದ್ ಆಯಿತು. ಆದರೆ ಹೋಗೋ ಮುಂಚೆ ಒಂದು ಒಳ್ಳೆ ಕೆಲಸ ಮಾಡಿದರು. ಪಾರ್ಸ್ ಸರ್ವರ್ ಅನ್ನೋ ಹೆಸರಲ್ಲಿ ಕೋಡನ್ನು ಓಪನ್ ಸೋರ್ಸ್ ಮಾಡಿಬಿಟ್ಟರು. ಸ್ವಂತ ಸರ್ವರ್ ಹಿಡಿದು ಅಲ್ಲಿಗೆ ಹೋದವರ ಆ್ಯಪ್‌ಗಳು ಉಳಿದವು. ಕಂಪನಿಯ ಸೇವೆ ಸತ್ತು ಇಷ್ಟು ವರ್ಷ ಆದರೂ ಆ ಕೋಡ್ ಇನ್ನೂ ಬದುಕಿದೆ. ಅದನ್ನು ನೋಡಿಕೊಳ್ಳುವ ಸಮುದಾಯವೂ ಇದೆ.

ಎರಡನೆಯದು ಫೈರ್‌ಬೇಸ್. ಅದೂ 2011ರ ಕೂಸು. 2014ರಲ್ಲಿ ಗೂಗಲ್ ಕೊಂಡಿತು. ಇವತ್ತು ಕಾಲೇಜು ಪ್ರಾಜೆಕ್ಟು, ಹ್ಯಾಕಥಾನು, ಸಣ್ಣ ಸ್ಟಾರ್ಟಪ್ಪು ಅಂದರೆ ಹತ್ತರಲ್ಲಿ ಎಷ್ಟೋ ಜನ ಮೊದಲು ಕೈ ಹಾಕೋದು ಅದಕ್ಕೇ. ತಪ್ಪೇನಿಲ್ಲ, ಒಳ್ಳೆ ಉಪಕರಣ. ಅರ್ಧ ಗಂಟೆಯಲ್ಲಿ ಲಾಗಿನ್ ಕೆಲಸ ಮಾಡುತ್ತೆ. ಆದರೆ ಎರಡು ಮಾತು ಗೊತ್ತಿರಬೇಕು.

ಒಂದು, ಲೆಕ್ಕ ಹಾಕೋ ರೀತಿ. ಅದರ ಫೈರ್‌ಸ್ಟೋರ್ ಡೇಟಾಬೇಸ್‌ನಲ್ಲಿ ನೀವು ಎಷ್ಟು ದಾಖಲೆ ಓದಿದಿರಿ, ಎಷ್ಟು ಬರೆದಿರಿ, ಎಷ್ಟು ಅಳಿಸಿದಿರಿ ಅನ್ನೋದರ ಮೇಲೆ ಬಿಲ್. ದಿನಕ್ಕೆ 50,000 ಓದು ಪುಕ್ಕಟೆ. ಕೇಳೋಕೆ ಬೆಟ್ಟದಷ್ಟು. ಆದರೆ 500 ವ್ಯಾಪಾರಿಗಳು ಬೆಳಗ್ಗೆ ಒಮ್ಮೆ 100 ಗೊನೆಗಳ ಪಟ್ಟಿ ತೆರೆದರೆ ಅಲ್ಲಿಗೇ 50,000 ಮುಗೀತು. ಸಂಜೆ ಮತ್ತೆ ತೆರೆದರೆ ದುಡ್ಡು.

ಎರಡು, ಮನೆ ಮಾಲೀಕ ಯಾವಾಗ ಬೇಕಾದರೂ ಒಂದು ಕೋಣೆಗೆ ಬೀಗ ಹಾಕಬಹುದು. ಫೈರ್‌ಬೇಸ್‌ನ ಡೈನಾಮಿಕ್ ಲಿಂಕ್ಸ್ ಅನ್ನೋ ಸೌಲಭ್ಯವನ್ನು ಗೂಗಲ್ 2025ರ ಆಗಸ್ಟ್ 25ಕ್ಕೆ ನಿಲ್ಲಿಸಿತು. ಮೊದಲೇ ನೋಟಿಸ್ ಕೊಟ್ಟಿತ್ತು, ನಿಜ. ಆದರೆ ಹಳೇ ಪೋಸ್ಟರ್, ಮೆಸೇಜ್, ಪಾಂಪ್ಲೆಟ್‌ಗಳಲ್ಲಿ ಅಚ್ಚಾಗಿದ್ದ ಲಿಂಕ್‌ಗಳಿಗೆ ನೋಟಿಸ್ ಓದೋಕೆ ಬರಲ್ಲ.

ಕನ್ನಡಿಗರಿಗೆ ಇದು ಹೊಸದಲ್ಲ

ಇದನ್ನು ಕೇಳಿ ಹುಡುಗ ಅಂದ, "ನಮ್ ಡೇಟಾ ನಮ್ದೇ ಅಲ್ರಿ? ಯಾವಾಗ ಬೇಕಾದ್ರೂ ಡೌನ್‌ಲೋಡ್ ಮಾಡ್ಕೋಬಹುದು."

ಮಾಡ್ಕೋಬಹುದು. ಆದರೆ ಆ ಮೇಲೆ ಏನು ಮಾಡ್ತೀರಿ? ಇಲ್ಲಿ ಕನ್ನಡದ್ದೇ ಒಂದು ಅನುಭವ ನೆನಪಿಸಿಕೊಳ್ಳಬೇಕು. ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲ್‌ಗಳು ನಿಮ್ಮಲ್ಲೂ ಇರಬಹುದು. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಫೈಲ್ ನಿಮ್ಮದೇ, ನಿಮ್ಮ ಪೆನ್‌ಡ್ರೈವ್‌ನಲ್ಲೇ ಇದೆ. ಆದರೆ ಓದಲಾಗದು. ಕನ್ನಡದ ಎಷ್ಟೋ ಪುಸ್ತಕ, ಕಚೇರಿ ಕಡತ, ಪತ್ರಿಕೆಗಳ ಹಳೆ ಸಂಚಿಕೆ ಹೀಗೆ ಸಿಕ್ಕಿಬಿದ್ದವು. ಕೊನೆಗೆ ದಾರಿ ಮಾಡಿಕೊಟ್ಟಿದ್ದು ಎಲ್ಲರೂ ಒಪ್ಪಿದ ಮುಕ್ತ ಮಾನದಂಡ ಯೂನಿಕೋಡ್, ಮತ್ತು ಆಸಕ್ತರು ಕೂತು ಬರೆದ ಪರಿವರ್ತಕಗಳು.

ಬ್ಯಾಕೆಂಡ್‌ನಲ್ಲೂ ಅಷ್ಟೇ. ಡೇಟಾ ಕೈಗೆ ಸಿಗೋದು ಬೇರೆ, ಅದು ಇನ್ನೊಂದು ಕಡೆ ಕೆಲಸ ಮಾಡೋದು ಬೇರೆ. ನಿಮ್ಮ ಅನುಮತಿ ನಿಯಮಗಳು ಒಂದು ಕಂಪನಿಯ ಸ್ವಂತ ಭಾಷೆಯಲ್ಲಿವೆ, ಹಿನ್ನೆಲೆಯ ಕೆಲಸಗಳು ಅವರ ಯಂತ್ರದಲ್ಲಿ ಮಾತ್ರ ಓಡುತ್ತವೆ, ಡೇಟಾದ ಆಕಾರವೇ ಅವರ ಡೇಟಾಬೇಸ್‌ಗೆ ತಕ್ಕಂತೆ ಇದೆ. ಹಾಗಿದ್ದಾಗ ಡೌನ್‌ಲೋಡ್ ಮಾಡಿದ ಫೈಲು ಫಾಂಟ್ ಇಲ್ಲದ ನುಡಿ ಫೈಲಿನ ಹಾಗೇ.

ಅಷ್ಟೊತ್ತು ಸುಮ್ಮನಿದ್ದ ಹುಡುಗಿ ಆಗ ಒಂದು ಮಾತು ಹೇಳಿದಳು. "ನಮ್ಮಪ್ಪನ ಲೆಕ್ಕ ಎಲ್ಲಾ ಅಡತಿಯವರ ಪುಸ್ತಕದಾಗೇ ಇರ್ತದ್ರಿ. ನಮ್ ಕಡಿ ಒಂದು ಚೀಟಿ ಸೈತ ಇರಂಗಿಲ್ಲ. ಅವ್ರು ಎಷ್ಟಂದ್ರ ಅಷ್ಟು."

ನಾನು ಹತ್ತು ನಿಮಿಷದಿಂದ ಹೇಳೋಕೆ ಒದ್ದಾಡ್ತಿದ್ದದ್ದು ಇದನ್ನೇ. ಮುಂದಿನ ಬಾಗಿಲಿನಿಂದ ದಲ್ಲಾಳಿಯನ್ನು ಕಳಿಸಿ, ಹಿಂದಿನ ಬಾಗಿಲಿನಿಂದ ಇನ್ನೊಬ್ಬನನ್ನು ಒಳಗೆ ಬಿಟ್ಟುಕೊಳ್ಳೋದು ಬೇಡ. ಬಿಟ್ಟುಕೊಳ್ಳಲೇಬೇಕು ಅಂದರೆ, ಪುಸ್ತಕದ ಇನ್ನೊಂದು ಪ್ರತಿ ನಿಮ್ಮ ಹತ್ತಿರ ಇರಲಿ, ಅದು ನಿಮಗೆ ಓದೋಕೆ ಬರುವ ಲಿಪಿಯಲ್ಲಿರಲಿ.

ಓಪನ್ ಸೋರ್ಸ್ ಗೋದಾಮುಗಳು

ಈಗ ಆಯ್ಕೆಗಳ ವಿಷಯಕ್ಕೆ ಬರೋಣ. ಹೆಸರುಗಳು ಬಹಳ ಇವೆ, ನಾಲ್ಕೈದು ಗೊತ್ತಿದ್ದರೆ ಸಾಕು.

ಸುಪಾಬೇಸ್: 2020ರಲ್ಲಿ ಶುರುವಾಯಿತು, ಫೈರ್‌ಬೇಸ್‌ಗೆ ಓಪನ್ ಸೋರ್ಸ್ ಪರ್ಯಾಯ ಅಂತಲೇ ಹೇಳಿಕೊಂಡು ಬಂತು. ಇದರ ದೊಡ್ಡ ಗುಣ ಏನಂದ್ರೆ ಡೇಟಾಬೇಸನ್ನು ಇವರು ಹೊಸದಾಗಿ ಮಾಡಲಿಲ್ಲ. ಪೋಸ್ಟ್‌ಗ್ರೆಸ್ ಅನ್ನೋ ಹಳೇ, ಗಟ್ಟಿ ಡೇಟಾಬೇಸ್ ಮೇಲೆ ಕೂತಿದ್ದಾರೆ. ಪೋಸ್ಟ್‌ಗ್ರೆಸ್‌ನ ಬೇರು 1986ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾದ ಯೋಜನೆಯಲ್ಲಿದೆ. ಯಾವ ಒಂದು ಕಂಪನಿಯ ಸೊತ್ತೂ ಅಲ್ಲ. ಸುಪಾಬೇಸ್ ನಾಳೆ ಮುಚ್ಚಿದರೂ ನಿಮ್ಮ ಡೇಟಾ ಜಗತ್ತಿನ ಯಾವುದೇ ಪೋಸ್ಟ್‌ಗ್ರೆಸ್ ಸರ್ವರ್‌ನಲ್ಲಿ ತೆರೆಯುತ್ತೆ. ಅವರದೇ ಹೋಸ್ಟಿಂಗ್‌ನಲ್ಲಿ ಪುಕ್ಕಟೆ ಯೋಜನೆಯೂ ಇದೆ, ಆದರೆ ಒಂದು ವಾರ ಯಾರೂ ಬಳಸದಿದ್ದರೆ ಪ್ರಾಜೆಕ್ಟ್ ಮಲಗಿಬಿಡುತ್ತೆ. ಸೀಸನ್ ಮುಗಿದ ಮೇಲೆ ಬಾಳೆ ಆ್ಯಪ್ ತೆರೆದ ರೈತನಿಗೆ ಖಾಲಿ ಪರದೆ ಕಾಣಬಹುದು.

ಆ್ಯಪ್‌ರೈಟ್: ಇದೂ ಅದೇ ಆರು ಕೆಲಸ ಮಾಡುವ ಇನ್ನೊಂದು ವೇದಿಕೆ. ಮೊದಲಿಂದಲೂ ಸ್ವಂತ ಸರ್ವರ್‌ನಲ್ಲಿ ಹಾಕಿಕೊಳ್ಳುವವರನ್ನು ಮನಸ್ಸಿನಲ್ಲಿಟ್ಟು ಕಟ್ಟಿದ್ದು. ಡಾಕರ್ ಗೊತ್ತಿದ್ದರೆ ಒಂದು ಸಂಜೆಯಲ್ಲಿ ಏಳುತ್ತೆ.

ಪಾಕೆಟ್‌ಬೇಸ್: ಇದು ನನಗೆ ಇಷ್ಟವಾದದ್ದು. ಇಡೀ ಬ್ಯಾಕೆಂಡ್ ಒಂದೇ ಒಂದು ಫೈಲ್. ಸರ್ವರ್‌ಗೆ ಕಾಪಿ ಮಾಡಿ ಓಡಿಸಿದರೆ ಲಾಗಿನ್, ಡೇಟಾಬೇಸ್, ಫೈಲ್ ಸಂಗ್ರಹ, ಆಡಳಿತದ ಪರದೆ ಎಲ್ಲಾ ಸಿದ್ಧ. ಒಳಗಿರೋದು ಎಸ್‌ಕ್ಯೂಲೈಟ್ ಡೇಟಾಬೇಸ್, ಅದು ನಿಮ್ಮ ಫೋನಿನಲ್ಲೂ ಇದೆ. ಒಂದೇ ಸರ್ವರ್‌ನಲ್ಲಿ ಓಡೋದೇ ಇದರ ಮಿತಿ. ಕೋಟಿ ಜನ ಬಳಸೋ ಆ್ಯಪ್‌ಗೆ ಇದಲ್ಲ. ಒಂದು ತಾಲ್ಲೂಕಿನ ಬಾಳೆ ಬೆಳೆಗಾರರಿಗೆ ಧಾರಾಳ ಸಾಕು.

ನಮ್ಮಲ್ಲೇ ಹುಟ್ಟಿದವೂ ಇವೆ. ಹಸುರಾ ಬೆಂಗಳೂರಿನಲ್ಲಿ ಬೆಳೆದದ್ದು. ಅದರ ಎಂಜಿನ್ 2018ರಲ್ಲಿ ಓಪನ್ ಸೋರ್ಸ್ ಆಯಿತು. ಪೋಸ್ಟ್‌ಗ್ರೆಸ್ ಮೇಲೆ ಕೂತು, ಆ್ಯಪ್ ಕೇಳಿದ ಮಾಹಿತಿಯನ್ನು ಕೇಳಿದ ಆಕಾರದಲ್ಲಿ ಕೊಡೋದು ಅದರ ಕೆಲಸ. ಮುಂಬೈನ ಫ್ರಾಪ್ಪೆ ಫ್ರೇಮ್‌ವರ್ಕ್ ಮೇಲೆ ಇಆರ್‌ಪಿನೆಕ್ಸ್ಟ್ ಅನ್ನೋ ಲೆಕ್ಕಪತ್ರದ ತಂತ್ರಾಂಶ ನಿಂತಿದೆ. ಬರೀ ಆ್ಯಪ್ ಅಲ್ಲ, ಸ್ಟಾಕು, ಬಿಲ್ಲು, ಸಂಬಳ ಎಲ್ಲಾ ಬೇಕು ಅನ್ನೋ ಸಹಕಾರ ಸಂಘಕ್ಕೆ ಅದು ಹೊಂದುತ್ತೆ.

ಲೈಸೆನ್ಸ್ ಅನ್ನೋ ಸಣ್ಣಕ್ಷರದ ರಾಜಕೀಯ

ಓಪನ್ ಸೋರ್ಸ್ ಅಂದ ಮಾತ್ರಕ್ಕೆ ಕಣ್ಣುಮುಚ್ಚಿ ನಂಬಬೇಕಿಲ್ಲ. ಮೇಲೆ ಹೇಳಿದ ಬಹುತೇಕ ವೇದಿಕೆಗಳ ಹಿಂದೆ ಕಂಪನಿಗಳಿವೆ, ಕಂಪನಿಗಳ ಹಿಂದೆ ಹೂಡಿಕೆದಾರರಿದ್ದಾರೆ. ಅವರಿಗೆ ಲಾಭ ಬೇಕು. ಕೋಡ್ ತೆರೆದಿಟ್ಟು ಹೋಸ್ಟಿಂಗ್ ಮಾರೋದು ಅವರ ವ್ಯಾಪಾರ.

ಲಾಭ ಸಾಲದು ಅನಿಸಿದಾಗ ಏನಾಗುತ್ತೆ ಅನ್ನೋದಕ್ಕೆ ರೆಡಿಸ್ ಉದಾಹರಣೆ. ಜಗತ್ತಿನಾದ್ಯಂತ ಬಳಕೆಯಲ್ಲಿದ್ದ ಈ ತಂತ್ರಾಂಶದ ಲೈಸೆನ್ಸನ್ನು ಕಂಪನಿ 2024ರ ಮಾರ್ಚ್‌ನಲ್ಲಿ ಬದಲಿಸಿ ಬಿಗಿ ಮಾಡಿತು. ಕೆಲವೇ ದಿನಗಳಲ್ಲಿ ಹಳೇ ಕೋಡನ್ನು ಹಿಡಿದುಕೊಂಡು ಲಿನಕ್ಸ್ ಫೌಂಡೇಶನ್ ಆಶ್ರಯದಲ್ಲಿ ವಾಲ್ಕಿ ಅನ್ನೋ ಹೊಸ ಕವಲು ಹುಟ್ಟಿತು. ಮರುವರ್ಷ ರೆಡಿಸ್ ತಾನೇ ಮತ್ತೆ ಓಪನ್ ಸೋರ್ಸ್ ಲೈಸೆನ್ಸನ್ನು ಸೇರಿಸಿತು.

ಇದರಲ್ಲಿ ಕಲಿಯೋದು ಏನು? ಕಂಪನಿ ಮನಸ್ಸು ಬದಲಿಸಬಹುದು, ಆದರೆ ನಿನ್ನೆವರೆಗೆ ಕೊಟ್ಟಿದ್ದನ್ನು ವಾಪಸ್ ಕಿತ್ತುಕೊಳ್ಳೋಕೆ ಆಗಲ್ಲ. ಅತೃಪ್ತರು ಕೋಡ್ ಎತ್ತಿಕೊಂಡು ಬೇರೆ ಮನೆ ಮಾಡಬಹುದು. ರಾಜಕೀಯದ ಭಾಷೆಯಲ್ಲಿ ಹೇಳೋದಾದರೆ ಇದು ಪಕ್ಷ ಬಿಡುವ ಹಕ್ಕು, ಕಾರ್ಯಕರ್ತರನ್ನೂ ಪ್ರಣಾಳಿಕೆಯನ್ನೂ ಜೊತೆಗೆ ಕರೆದೊಯ್ಯುವ ಹಕ್ಕು. ಓಪನ್ ಸೋರ್ಸ್ ಕೊಡುವ ದೊಡ್ಡ ವಸ್ತು ಪುಕ್ಕಟೆ ಸೇವೆ ಅಲ್ಲ, ಎದ್ದು ಹೋಗುವ ಈ ಹಕ್ಕು.

ಹಾಗಂತ ಪುಕ್ಕಟೆ ಅಲ್ಲ

ಹುಡುಗರು ಕೇಳಿದ್ದು "ಫ್ರೀ". ಇಲ್ಲಿ ನಿಜ ಹೇಳಬೇಕು.

ಸ್ವಂತವಾಗಿ ಹಾಕಿಕೊಂಡರೆ ತಂತ್ರಾಂಶಕ್ಕೆ ದುಡ್ಡಿಲ್ಲ, ಸರ್ವರ್‌ಗೆ ಇದೆ. ಸಣ್ಣ ಸರ್ವರ್ ತಿಂಗಳಿಗೆ ಕೆಲವು ನೂರು ರೂಪಾಯಿಗೆ ಸಿಗುತ್ತೆ. ಆಮೇಲೆ ಡೊಮೈನ್ ಹೆಸರು. ಒಟಿಪಿ ಕಳಿಸೋಕೆ ಎಸ್‌ಎಂಎಸ್ ಖರ್ಚು. ಬ್ಯಾಕೆಂಡ್ ಯಾವುದೇ ಇರಲಿ, ನಮ್ಮ ದೇಶದಲ್ಲಿ ವಾಣಿಜ್ಯ ಎಸ್‌ಎಂಎಸ್ ಕಳಿಸಬೇಕಾದರೆ ಟ್ರಾಯ್ ನಿಯಮದಂತೆ ಡಿಎಲ್‌ಟಿ ನೋಂದಣಿ, ಮೆಸೇಜ್‌ನ ಮಾದರಿಗೆ ಮೊದಲೇ ಒಪ್ಪಿಗೆ ಬೇಕು. ಕಾಲೇಜು ಪ್ರಾಜೆಕ್ಟ್‌ಗಳು ಎಡವೋ ಜಾಗ ಇದು.

ಇದಕ್ಕಿಂತ ದೊಡ್ಡ ಖರ್ಚು ನಿದ್ದೆಯದು. "ಸರ್ವರ್ ಡೌನ್ ಅದ, ನಾಳೆ ಬಾ" ಅನ್ನೋ ಮಾತನ್ನು ರೇಷನ್ ಅಂಗಡಿಯಲ್ಲೋ ನಾಡಕಚೇರಿಯಲ್ಲೋ ಕೇಳದವರು ನಮ್ಮ ಕಡೆ ಇಲ್ಲ. ಸ್ವಂತ ಸರ್ವರ್ ಅಂದರೆ ಆ ಮಾತು ಹೇಳಬೇಕಾದವರು ನೀವೇ. ಬೆಳಗಿನ ಜಾವ ನಾಲ್ಕಕ್ಕೆ ಗೊನೆ ತುಂಬಿದ ಟೆಂಪೊ ಹೊರಟಿರುತ್ತೆ, ಆ್ಯಪ್ ತೆರೆಯಲ್ಲ, ಫೋನ್ ನಿಮಗೆ ಬರುತ್ತೆ. ಡಿಸ್ಕ್ ತುಂಬಿದರೆ, ಅಪ್‌ಡೇಟ್ ತಪ್ಪಿದರೆ, ಬ್ಯಾಕಪ್ ಇಲ್ಲದಿದ್ದರೆ ಬೈಯೋಕೆ ಯಾವ ಕಂಪನಿಯೂ ಇರಲ್ಲ. ಹಾಗಾಗಿ "ದೊಡ್ಡ ಕಂಪನಿ ಕೆಟ್ಟದ್ದು, ಸ್ವಂತದ್ದೇ ಶ್ರೇಷ್ಠ" ಅನ್ನೋ ಸುಲಭದ ತೀರ್ಮಾನ ನನಗಿಲ್ಲ. ನೋಡಿಕೊಳ್ಳೋರು ಇಲ್ಲದ ಸ್ವಂತ ಮನೆಗಿಂತ ಒಳ್ಳೆ ಬಾಡಿಗೆ ಮನೆ ವಾಸಿ.

ಬಾಗಿಲು ತೆರೆದಿಟ್ಟ ನನ್ನ ಕತೆ

ಕೋಡ್ ಬರೀತಿದ್ದ ದಿನಗಳಲ್ಲಿ ಗೆಳೆಯರ ಒಂದು ತಂಡಕ್ಕೆ ರಕ್ತದಾನಿಗಳ ಆ್ಯಪ್ ಮಾಡಿಕೊಟ್ಟಿದ್ದೆ. ಹೆಸರು, ಫೋನ್, ರಕ್ತದ ಗುಂಪು. ಪರೀಕ್ಷೆ ಮಾಡುವಾಗ ಸುಲಭ ಆಗಲಿ ಅಂತ ಅನುಮತಿ ನಿಯಮವನ್ನು "ಯಾರು ಬೇಕಾದರೂ ಓದಬಹುದು" ಅಂತ ಇಟ್ಟಿದ್ದೆ. ಆಮೇಲೆ ಮರೆತೆ. ಮೂರು ತಿಂಗಳಾದ ಮೇಲೆ ಒಬ್ಬ ಪರಿಚಯದವನು ಇಡೀ ಪಟ್ಟಿಯ ಸ್ಕ್ರೀನ್‌ಶಾಟ್ ಕಳಿಸಿ "ಇದು ನಿಂದೇನಾ?" ಅಂತ ಕೇಳಿದ. ಹೆಣ್ಣುಮಕ್ಕಳ ನಂಬರೂ ಅದರಲ್ಲಿತ್ತು. ವೇದಿಕೆಯ ತಪ್ಪಲ್ಲ, ನನ್ನದೇ ತಪ್ಪು. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳುವಾಗ ಆದ ನಾಚಿಕೆ ಇನ್ನೂ ನೆನಪಿದೆ.

ಈ ತಪ್ಪು ದೊಡ್ಡ ಮಟ್ಟದಲ್ಲೂ ಆಗುತ್ತೆ. 2025ರ ಜುಲೈನಲ್ಲಿ ಅಮೆರಿಕದಲ್ಲಿ ಮಹಿಳೆಯರ ಸುರಕ್ಷತೆಗೆ ಅಂತಲೇ ಮಾಡಿದ್ದ ಟೀ ಅನ್ನೋ ಆ್ಯಪ್‌ನ ಸುಮಾರು 72,000 ಚಿತ್ರಗಳು ಸೋರಿದವು. ಅದರಲ್ಲಿ ಸುಮಾರು 13,000 ಗುರುತು ಪರಿಶೀಲನೆಗೆ ಕೊಟ್ಟ ಸೆಲ್ಫಿ, ಗುರುತಿನ ಚೀಟಿಗಳು.

ಓಪನ್ ಸೋರ್ಸ್ ಇದರಿಂದ ತಾನಾಗೇ ಕಾಪಾಡಲ್ಲ. ಸುಪಾಬೇಸ್‌ನಲ್ಲಿ ಆ್ಯಪ್ ಒಳಗೆ ಇಡುವ ಒಂದು ಕೀ ಎಲ್ಲರಿಗೂ ಕಾಣುವಂಥದ್ದೇ. ಯಾವ ಸಾಲನ್ನು ಯಾರು ಓದಬಹುದು ಅನ್ನೋ ನಿಯಮವನ್ನು ಪ್ರತಿ ಟೇಬಲ್‌ಗೂ ಹಾಕಬೇಕು. ಹಾಕದಿದ್ದರೆ ಆ ಕೀ ಹಿಡಿದವರಿಗೆಲ್ಲ ಪುಸ್ತಕ ತೆರೆದಿಟ್ಟಂತೆ. ಈಗಂತೂ ಎಐಗೆ ಹೇಳಿ ಒಂದೇ ರಾತ್ರಿಯಲ್ಲಿ ಆ್ಯಪ್ ಮಾಡಿಸುವವರು ಜಾಸ್ತಿ. ಪರದೆ ಚೆಂದ ಬಂತು ಅಂತ ಖುಷಿಪಡೋ ಮುಂಚೆ ಈ ನಿಯಮಗಳನ್ನು ಕಣ್ಣಾರೆ ಓದಿ.

ಕಾನೂನಿನ ಲೆಕ್ಕದಲ್ಲೂ ಹೊಣೆ ನಿಮ್ಮದೇ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ನಿಯಮಗಳು 2025ರ ನವೆಂಬರ್‌ನಲ್ಲಿ. ಮುಖ್ಯ ಕರ್ತವ್ಯಗಳ ಜಾರಿಗೆ ಅಲ್ಲಿಂದ 18 ತಿಂಗಳು ಸಮಯ ಇದೆ. ಒಪ್ಪಿಗೆ ಪಡೆಯೋದು, ಕೇಳಿದಾಗ ಅಳಿಸೋದು, ಸೋರಿಕೆ ಆದರೆ ತಿಳಿಸೋದು ಮಾಹಿತಿ ಸಂಗ್ರಹಿಸುವವರ ಕೆಲಸ. ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಗೋದಾಮು ಬೇರೆಯವರದು ಅಂದರೆ ನಡೆಯಲ್ಲ.

ಆಳಂದ ಹೇಳಿಕೊಟ್ಟ ಪಾಠ

"ಇಷ್ಟೆಲ್ಲಾ ಬಾಳಿಹಣ್ಣಿನ ಆ್ಯಪ್‌ಗೆ ಯಾಕ್ರಿ?" ಅಂತ ಹುಡುಗ ನಕ್ಕ. ನಾನು ಅದೇ ಜಿಲ್ಲೆಯ ಇನ್ನೊಂದು ಊರಿನ ಕತೆ ನೆನಪಿಸಿದೆ.

2023ರ ವಿಧಾನಸಭಾ ಚುನಾವಣೆಗೆ ಮುಂಚೆ ಆಳಂದ ಕ್ಷೇತ್ರದಲ್ಲಿ ಮತದಾರರ ಹೆಸರು ತೆಗೆಯಿರಿ ಅಂತ 6,018 ಆನ್‌ಲೈನ್ ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸರಿ ಇದ್ದದ್ದು ಬರೀ 24. ಉಳಿದ 5,994 ತಪ್ಪು ಅಂತ ಗೊತ್ತಾಗಿ ತಿರಸ್ಕೃತವಾದವು. ಫೆಬ್ರುವರಿಯಲ್ಲಿ ಪೊಲೀಸ್ ದೂರು ದಾಖಲಾಯಿತು. 2025ರ ಸೆಪ್ಟೆಂಬರ್‌ನಲ್ಲಿ ರಾಹುಲ್ ಗಾಂಧಿ ಇದನ್ನು ಎತ್ತಿದ ಮೇಲೆ ದೇಶಕ್ಕೆಲ್ಲ ಆಳಂದದ ಹೆಸರು ಗೊತ್ತಾಯಿತು, ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು.

ಆ ವಾದ-ಪ್ರತಿವಾದದ ಮಧ್ಯೆ ಇದ್ದದ್ದು ಏನು? ಬ್ಯಾಕೆಂಡ್‌ನ ಲಾಗ್‌ಗಳು. ಅರ್ಜಿ ಯಾವ ಐಪಿ ವಿಳಾಸದಿಂದ ಬಂತು, ಎಲ್ಲಿಗೆ ಹೋಯಿತು, ಯಾವ ಫೋನಿಗೆ ಒಟಿಪಿ ಹೋಯಿತು. ತನಿಖಾಧಿಕಾರಿಗಳು ಕೇಳಿದ ಪೂರ್ತಿ ವಿವರ ಸಿಕ್ಕಿಲ್ಲ ಅನ್ನೋದು ಒಂದು ಕಡೆಯ ಆರೋಪ. ತನ್ನ ಬಳಿ ಇದ್ದ ಮಾಹಿತಿಯನ್ನು 2023ರ ಸೆಪ್ಟೆಂಬರ್‌ನಲ್ಲೇ ಕೊಟ್ಟಿದ್ದೇನೆ ಅನ್ನೋದು ಚುನಾವಣಾ ಆಯೋಗದ ಉತ್ತರ. ಯಾರು ಸರಿ ಅನ್ನೋದು ತನಿಖೆ, ನ್ಯಾಯಾಲಯಗಳಿಗೆ ಬಿಟ್ಟದ್ದು. ನಾನು ಹೇಳೋದು ಇಷ್ಟೇ: ಪ್ರಜಾಪ್ರಭುತ್ವದ ಒಂದು ದೊಡ್ಡ ಪ್ರಶ್ನೆಗೆ ಉತ್ತರ ಕೊನೆಗೆ ಒಂದು ಸರ್ವರ್‌ನ ಲಾಗ್ ಫೈಲಿನಲ್ಲಿ ಕೂತಿದೆ. ಆ ಫೈಲು ಯಾರ ಹತ್ತಿರ ಇದೆಯೋ ಅವರು ಕೊಟ್ಟಷ್ಟೇ ಸತ್ಯ ನಮಗೆ ಸಿಗೋದು.

ಇಲ್ಲೊಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ಕೋಡ್ ತೆರೆದಿಟ್ಟರೆ ಎಲ್ಲಾ ಪಾರದರ್ಶಕ ಆಯ್ತು ಅಂತಲ್ಲ. ಕೊರೊನಾ ಕಾಲದ ಆರೋಗ್ಯ ಸೇತು 2020ರ ಏಪ್ರಿಲ್‌ನಲ್ಲಿ ಬಂತು. ಒತ್ತಾಯದ ನಂತರ ಮೇ 26ರಂದು ಆಂಡ್ರಾಯ್ಡ್ ಆ್ಯಪ್‌ನ ಕೋಡನ್ನು ಸರ್ಕಾರ ಪ್ರಕಟಿಸಿತು. ಆದರೆ ಅವತ್ತು ಸರ್ವರ್ ಕಡೆಯ ಕೋಡ್ ಬರಲಿಲ್ಲ. ಅಂದರೆ ಗಲ್ಲೆ ತೋರಿಸಿದರು, ಗೋದಾಮು ತೋರಿಸಲಿಲ್ಲ. ಗೋದಾಮಿನ ಕೋಡ್ ತೋರಿಸಿದರೂ, ಓಡ್ತಿರೋದು ಅದೇ ಕೋಡ್ ಹೌದಾ, ಲಾಗ್ ಎಷ್ಟು ದಿನ ಉಳಿಸ್ತೀರಿ, ಯಾರು ನೋಡ್ತಾರೆ ಅನ್ನೋ ಪ್ರಶ್ನೆಗಳು ಉಳಿಯುತ್ತವೆ. ಅದಕ್ಕೆ ಕಾನೂನು ಬೇಕು, ಕೇಳುವ ಜನ ಬೇಕು. ಸರ್ಕಾರಿ ತಂತ್ರಾಂಶದಲ್ಲಿ ಓಪನ್ ಸೋರ್ಸ್‌ಗೆ ಆದ್ಯತೆ ಕೊಡಬೇಕು ಅನ್ನೋ ಕೇಂದ್ರದ ನೀತಿ 2015ರಿಂದಲೇ ಇದೆ. ಹೊಸ ಸರ್ಕಾರಿ ಆ್ಯಪ್ ಬಂದಾಗಲೆಲ್ಲ ಸರ್ವರ್ ಕೋಡ್ ಎಲ್ಲಿ ಅಂತ ಕೇಳೋದು ನಮ್ಮ ಕೆಲಸ.

ನಿಮ್ಮದೇ ಸಂಘಟನೆಗೂ ಇದೇ ಅಳತೆ. ವಿದ್ಯಾರ್ಥಿ ಸಂಘಟನೆ, ರೈತ ಸಂಘ, ಪ್ರಚಾರ ತಂಡ ಯಾವುದೇ ಇರಲಿ, ಸದಸ್ಯರ ಪಟ್ಟಿ ಯಾವ ಬ್ಯಾಕೆಂಡ್‌ನಲ್ಲಿದೆ, ಅದರ ಪಾಸ್‌ವರ್ಡ್ ಎಷ್ಟು ಜನರ ಹತ್ತಿರ ಇದೆ, ಸಂಘಟನೆ ಬಿಟ್ಟು ಹೋದವರ ಹೆಸರು ಇನ್ನೂ ಇದೆಯಾ? ಪಾರದರ್ಶಕತೆಯನ್ನು ಸರ್ಕಾರದಿಂದ ಕೇಳುವ ನಾವು ನಮ್ಮ ಹಿಂದಿನ ಕೋಣೆಯನ್ನೂ ಒಮ್ಮೆ ನೋಡಿಕೊಳ್ಳಬೇಕು.

ನಾನು ಹೇಳಿದ್ದು

ಕೊನೆಗೆ ಅವರಿಬ್ಬರಿಗೆ ನಾನು ಕೊಟ್ಟ ಸಲಹೆ ಹೀಗಿತ್ತು.

ಪ್ರಾಜೆಕ್ಟ್‌ಗೆ ಅಂಕ ಬಂದರೆ ಸಾಕು ಅಂದರೆ ಯಾವುದು ಹಾಕಿದರೂ ನಡೆಯುತ್ತೆ. ನಿಜವಾದ ರೈತರ ಹೆಸರು ಅದರೊಳಗೆ ಬರುತ್ತೆ ಅನ್ನೋದಾದರೆ ಪೋಸ್ಟ್‌ಗ್ರೆಸ್ ಅಥವಾ ಎಸ್‌ಕ್ಯೂಲೈಟ್‌ನಂಥ ಯಾರದೂ ಅಲ್ಲದ ಡೇಟಾಬೇಸ್ ಮೇಲೆ ನಿಂತ ವೇದಿಕೆ ಆರಿಸಿ. ಸರ್ವರ್ ನೋಡಿಕೊಳ್ಳೋಕೆ ಸಮಯ ಇದ್ದರೆ ಸಣ್ಣ ಸರ್ವರ್‌ನಲ್ಲಿ ಪಾಕೆಟ್‌ಬೇಸ್. ಇಲ್ಲದಿದ್ದರೆ ಸುಪಾಬೇಸ್‌ನಂಥದ್ದನ್ನು ಅವರ ಹೋಸ್ಟಿಂಗ್‌ನಲ್ಲೇ ಬಳಸಿ, ನಾಚಿಕೆ ಬೇಡ. ಅಗತ್ಯ ಇಲ್ಲದ ಮಾಹಿತಿ ಕೇಳಬೇಡಿ. ಬಾಳೆ ಮಾರೋಕೆ ಆಧಾರ್ ನಂಬರ್ ಬೇಕಿಲ್ಲ. ಮುಖ್ಯವಾಗಿ, ತಿಂಗಳಿಗೊಂದು ಭಾನುವಾರ ಮನೆ ಖಾಲಿ ಮಾಡುವ ತಾಲೀಮು ನಡೆಸಿ. ಎಲ್ಲಾ ಡೇಟಾ ಇಳಿಸಿಕೊಂಡು ಬೇರೊಂದು ಲ್ಯಾಪ್‌ಟಾಪ್‌ನಲ್ಲಿ ಇಡೀ ಆ್ಯಪ್ ಎಬ್ಬಿಸಿ ನೋಡಿ. ಎದ್ದು ಹೋಗುವ ಹಕ್ಕು ಲೈಸೆನ್ಸ್ ಕಾಗದದಲ್ಲಿದ್ದರೆ ಸಾಲದು, ಕೈಗೆ ಅಭ್ಯಾಸ ಆಗಿರಬೇಕು.

ಮೊನ್ನೆ ಹುಡುಗಿಯಿಂದ ಮೆಸೇಜ್ ಬಂತು. ಸುಪಾಬೇಸ್‌ನಲ್ಲಿ ಮಾಡಿದ್ದಾರೆ, ಮೊದಲ ತಾಲೀಮು ಮುಗಿದಿದೆ. "ಅಣ್ಣಾ, ರೈತರ ಹೆಸರು, ಲೆಕ್ಕ ಎಲ್ಲಾ ಬಂತು. ಗೊನಿ ಫೋಟೋ ಒಂದೂ ಬರ್ಲಿಲ್ಲ." ಡೇಟಾಬೇಸ್‌ನ ಬ್ಯಾಕಪ್‌ನಲ್ಲಿ ಫೈಲ್‌ಗಳು ಇರಲ್ಲ, ಅವನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು ಅಂತ ಬರೆದೆ. ಸ್ವಲ್ಪ ಹೊತ್ತಿನ ನಂತರ ಉತ್ತರ ಬಂತು: "ಆಯ್ತ್ರಿ, ಬರೋ ಐತವಾರ ಮತ್ತೊಮ್ಮೆ ಮಾಡ್ತೀವಿ. ಅಪ್ಪಗ ಅವ್ರದೇ ಲೆಕ್ಕ ಪ್ರಿಂಟ್ ತೆಗೆದು ಕೊಟ್ಟೀನಿ, ಮೂರು ಸಲ ಓದ್ಯಾರ."